ಸೆರಗಿನ ಪಿನ್ನು

ಇಳಕಲ್ಲಿನ ಆ ಸಣ್ಣ ಕ್ರೈಸ್ತ ಸಭೆಯಲ್ಲಿ ಭಾನುವಾರ ಬೆಳಿಗ್ಗೆ ಹೆಂಗಸರು ಒಳಗೆ ಹೋಗಬೇಕಾದರೆ ಸತ್ಯವ್ವನನ್ನು ದಾಟಿಯೇ ಹೋಗಬೇಕಾಗಿತ್ತು. ಬಿಳಿ ಸೀರೆ, ಮಣಿಕಟ್ಟಿನವರೆಗೆ ತೋಳಿದ್ದ ಜಂಪರ ತೊಟ್ಟು ಅವಳು ಬಾಗಿಲ ಬಲಕ್ಕೆ ನಿಂತಿರುತ್ತಿದ್ದಳು. ಕೈಯಲ್ಲಿ ಒಂದು ತಗಡಿನ ಡಬ್ಬಿ, ಅದರ ತುಂಬ ಪಿನ್ನು. ಯಾರ ಸೆರಗು ತಲೆಯಿಂದ ಜಾರಿದೆ, ಯಾರ ತೋಳು ಮೊಣಕೈಗಿಂತ ಮೇಲಿದೆ, ಯಾರ ಮುಡಿಯಲ್ಲಿ ಮಲ್ಲಿಗೆ ಉಳಿದಿದೆ ಎಂದು ಒಂದೇ ನೋಟಕ್ಕೆ ತಿಳಿದುಬಿಡುತ್ತಿತ್ತು ಅವಳಿಗೆ. ಬೈಯುತ್ತಿರಲಿಲ್ಲ. ಹತ್ತಿರ ಕರೆದು, ಮಕ್ಕಳಿಗೆ ಮಾಡಿದಂತೆ, ಸೆರಗನ್ನು ಎಳೆದು ಸರಿಮಾಡಿ ಪಿನ್ನು ಹಾಕುತ್ತಿದ್ದಳು. "ದೇವರ ಮುಂದ ನಿಂದರಾಕ ಬಂದೀಯವಾ, ಮಂದಿ ಮುಂದ ಅಲ್ಲ" ಎನ್ನುತ್ತಿದ್ದಳು. ಕೆಲವರು ಅವಳಿಗೆ ಹೆದರುತ್ತಿದ್ದರು. ಆದರೂ ಮನೆಯಲ್ಲಿ ಜಡ್ಡು ಬಂದರೆ, ಗಂಡ ಹೊಡೆದರೆ, ಮೊದಲು ಓಡುತ್ತಿದ್ದುದು ಅವಳ ಮನೆಗೇ.

ಅವಳು ಹುಟ್ಟುತ್ತಲೇ ಹೀಗಿದ್ದವಳಲ್ಲ. ಗಂಡ ಯೋಹಾನಪ್ಪ ಕಲ್ಲಿನ ಕ್ವಾರಿಯಲ್ಲಿ ಬಂಡೆಯ ಕೆಳಗೆ ಸಿಕ್ಕು ಸತ್ತಾಗ ಅವಳಿಗೆ ಇಪ್ಪತ್ತಾರು ವರ್ಷ, ಮಗಳು ಕರುಣಾಗೆ ಐದು. ಅದೇ ಕ್ವಾರಿಯಲ್ಲಿ ಬುಟ್ಟಿಯಲ್ಲಿ ಕಲ್ಲುಚೂರು ಹೊರುವ ಕೆಲಸಕ್ಕೆ ನಿಂತಳು. ಒಂದು ಮಧ್ಯಾಹ್ನ ಬುಟ್ಟಿ ಎತ್ತಲು ಬಗ್ಗಿದಾಗ ಅಲ್ಲಿಯ ಕೂಲಿಗಳ ಮೇಲ್ವಿಚಾರಕ ಮುಕಾದಮ ಅವಳ ಮೈಮೇಲೆ ಕೈ ಹಾಕಿದ. ಅವಳು ಕಿರುಚಿದಾಗ ಹತ್ತು ಜನ ಸೇರಿದರು. ಅವನು ನಕ್ಕು, "ಸೆರಗ ಜಾರಿಸಿಕೊಂಡು ನಿಂತ್ರ ನಾ ಏನ ಮಾಡ್ಲಿ?" ಎಂದ. ಸೇರಿದ ಹತ್ತೂ ಜನ ಅವನನ್ನು ನೋಡಲಿಲ್ಲ, ಅವಳ ಸೆರಗನ್ನು ನೋಡಿದರು. ಅವಳೂ ನೋಡಿಕೊಂಡಳು. ಅದು ನಿಜವಾಗಿಯೂ ಜಾರಿತ್ತು.

ಮರುದಿನದಿಂದ ಕ್ವಾರಿಗೆ ಹೋಗಲಿಲ್ಲ. ನೇಕಾರರ ಮನೆಗಳಿಂದ ನೂಲು ತಂದು ಮಗ್ಗದ ಕಂಡಿಕೆಗೆ ಸುತ್ತಿಕೊಡುತ್ತ ಮನೆಯೊಳಗೇ ಉಳಿದಳು. ಎರಡು ವರ್ಷದ ಮೇಲೆ ಊರಿಗೆ ಪಾಸ್ಟರ್ ಸಮುವೇಲಪ್ಪ ಬಂದರು. ಅವರು ಹೆಂಗಸರಿಗೆ ಹೇಳಿದ ಮಾತು ಅವಳಿಗೆ ಹಿಡಿಸಿತು. ಹೆಣ್ಣಿನ ಶೃಂಗಾರ ಬಂಗಾರವಲ್ಲ, ಹೆಣೆದ ಜಡೆಯಲ್ಲ, ಒಳಗಿರುವ ಶಾಂತ ಮನಸ್ಸು. ಮಾನದ ಉಡುಪು ಉಟ್ಟವಳನ್ನು ದೇವರು ಕಾಯುತ್ತಾನೆ ಎಂದು ಅವರು ಬಿಡಿಸಿ ಹೇಳಿದರು. ಅವಳು ಬಿಳಿ ಸೀರೆ ಉಟ್ಟಳು. ಆಮೇಲೆ ಸಂತೆಯಲ್ಲಿ ಗಂಡಸರು ಅವಳಿಗೆ ದಾರಿ ಬಿಡತೊಡಗಿದರು. "ಸತ್ಯಕ್ಕಾರ" ಎಂದು ಕರೆಯತೊಡಗಿದರು. ಆ ಬಟ್ಟೆ ಅವಳಿಗೆ ಗೋಡೆಯಿದ್ದಂತೆ, ಅದರೊಳಗೆ ಅವಳು ಮೊದಲ ಸಲ ನೆಮ್ಮದಿಯಾಗಿ ಉಸಿರಾಡಿದಳು. ತನಗೆ ಸಿಕ್ಕಿದ್ದು ಎಲ್ಲ ಹೆಂಗಸರಿಗೂ ಸಿಗಲಿ ಎಂದು ಪಿನ್ನಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಳು.

ಕರುಣಾ ಬೆಳೆದದ್ದು ಆ ಡಬ್ಬಿಯ ಕಣ್ಣೆದುರಿಗೇ. ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಜಡೆ, ಹೂವಿಲ್ಲ, ಬಳೆಯಿಲ್ಲ. ಹುಡುಗಿ ಎದುರಾಡಲಿಲ್ಲ. ಆದರೆ ನಗುವುದನ್ನು ಮಾತ್ರ ತಾಯಿಯಿಂದ ಬಿಡಿಸಲಾಗಲಿಲ್ಲ. ಏನು ಕಂಡರೂ ನಗುತ್ತಿದ್ದಳು, ಪ್ರಾರ್ಥನೆಯ ನಡುವೆಯೂ ನಕ್ಕು ಬೈಸಿಕೊಳ್ಳುತ್ತಿದ್ದಳು. ಹತ್ತೊಂಬತ್ತಕ್ಕೆ ಹುನಗುಂದದಲ್ಲಿ ಬಾಲವಾಡಿ ಟೀಚರಾದಳು. ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದಳು. ಕೆಲಸಕ್ಕೆ ಸೇರಿದ ಮೂರನೆಯ ತಿಂಗಳು ಒಂದು ನೈಲಾನ್ ಸೀರೆ ತಂದಳು. ನೇರಳೆ ಬಣ್ಣ, ಸಣ್ಣ ಸಣ್ಣ ಬಿಳಿ ಹೂವು.

ಸತ್ಯವ್ವ ಸೀರೆಯ ಒಂದು ಪದರನ್ನು ಕೈಮೇಲೆ ಹಾಸಿಕೊಂಡು ಬೆಳಕಿಗೆ ಹಿಡಿದಳು.

"ಏನವಾ ಇದು? ಕೈಯಾಗಿನ ಗೆರಿ ಸೈತ ಕಾಣ್ತಾವು."

"ಒಳಗ ದಪ್ಪಂದು ಲಂಗ ಹಾಕ್ಕೋತೇನವಾ. ಜಂಪರ ಮಣಿಕಟ್ಟಿನ ತನಕ ಹೊಲಿಸೇನಿ. ಒಗದ್ರ ಒಂದ ತಾಸಿನ್ಯಾಗ ಒಣಗ್ತೈತಿ, ಇಸ್ತ್ರಿ ಸೈತ ಬೇಕಾಗಿಲ್ಲ."

"ಜಾರ್ತೈತಿ ಇದು. ತಲಿ ಮ್ಯಾಲೆ ಒಂದ ಗಳಿಗಿ ನಿಂದ್ರೂದಿಲ್ಲ."

"ಹಂಗಾರ ಪಿನ್ನ ಹಾಕು. ನಿನ್ನ ಕಡೆ ಡಬ್ಬಿ ಐತೆಲ್ಲ," ಎಂದು ಕರುಣಾ ನಕ್ಕಳು. "ಎಷ್ಟ ಬೇಕಾದ್ರೂ ಹಾಕು. ನಾ ಒಲ್ಲೆ ಅಂದ್ರ ಕೇಳು."

ಮಗಳು ಜೀವನದಲ್ಲಿ ಬಾಯಿಬಿಟ್ಟು ಕೇಳಿದ ಒಂದೇ ಒಂದು ಸೀರೆ ಅದು. ಸತ್ಯವ್ವ ಇಲ್ಲವೆನ್ನಲಾರದೆ ಹೋದಳು.

1982ರ ಏಪ್ರಿಲ್, ಪುನರುತ್ಥಾನದ ಹಬ್ಬದ ಭಾನುವಾರ. ಬಾದಾಮಿಯ ಕಡೆಯಿಂದ ಸಭೆಗೆ ಅತಿಥಿಗಳು ಬರುವವರಿದ್ದರು. ಬಂದವರಿಗೆ ಚಹಾ, ಉಪ್ಪಿಟ್ಟು ಮಾಡುವ ಕೆಲಸ ಕರುಣಾ ಮತ್ತು ರೇಣವ್ವನದು. ರೇಣವ್ವ ಸಭೆಯ ಒಂದು ಮನೆಗೆ ಅದೇ ವರ್ಷ ಮದುವೆಯಾಗಿ ಬಂದ ಸಣ್ಣ ಸೊಸೆ, ಕರುಣಾಳ ಗೆಳತಿ. ಕರುಣಾ ಹಬ್ಬಕ್ಕೆಂದು ನೇರಳೆ ಸೀರೆ ಉಟ್ಟಳು. ಮನೆಯಿಂದ ಹೊರಡುವ ಮುಂಚೆ ಸತ್ಯವ್ವ ಅವಳನ್ನು ನಿಲ್ಲಿಸಿಕೊಂಡು ಪಿನ್ನು ಹಾಕಿದಳು. ತಲೆಯ ಮೇಲೆ ಕೂದಲಿಗೆ ಸೇರಿಸಿ ಎರಡು, ಹೆಗಲಿಗೆ ಒಂದು, ಎದೆಯ ಮೇಲೆ ಜಂಪರಕ್ಕೆ ಸೇರಿಸಿ ಒಂದು, ಕಂಕುಳ ಹತ್ತಿರ ಒಂದು, ಸೊಂಟಕ್ಕೆ ಎರಡು. ಹಿಂದೆ ಸರಿದು ನೋಡಿದಳು. ಎಲ್ಲಿಯೂ ಒಂದು ಬೆರಳಿನಷ್ಟು ಸಡಿಲವಿರಲಿಲ್ಲ. "ಈಗ ಚಂದ ಆತು" ಎಂದಳು.

ಸಭೆಯ ಹಿಂದಿನ ತಗಡಿನ ಚಪ್ಪರವೇ ಅಡುಗೆಮನೆ. ಅಲ್ಲಿ ಪಂಪು ಹೊಡೆಯುವ ಸ್ಟೋವಿನ ಮೇಲೆ ಚಹಾದ ದೊಡ್ಡ ಪಾತ್ರೆ ಇತ್ತು. ಉರಿ ಇಳಿಯಿತೆಂದು ಕರುಣಾ ಪಂಪು ಹೊಡೆಯಲು ಬಗ್ಗಿದಳು. ತೆರೆದ ಬಾಗಿಲಿನಿಂದ ಬಿಸಿಗಾಳಿ ಬೀಸಿತು. ಸ್ಟೋವು ಭುಗ್ಗೆಂದು ಎದ್ದು, ಸೊಂಟದ ಪಿನ್ನಿನ ಕೆಳಗೆ ಇಳಿಬಿದ್ದಿದ್ದ ಸೆರಗಿನ ತುದಿಗೆ ಹತ್ತಿಕೊಂಡಿತು.

ನೈಲಾನು ಹತ್ತಿಯಂತೆ ಉರಿಯುವುದಿಲ್ಲ. ಕರಗುತ್ತದೆ, ಕರಗಿ ಮೈಗೆ ಅಂಟುತ್ತದೆ. ಉಳ್ಳಾಗಡ್ಡಿ ಹೆಚ್ಚುತ್ತಿದ್ದ ರೇಣವ್ವ ಜಿಗಿದು ಸೆರಗು ಹಿಡಿದೆಳೆದಳು. ಬರಲಿಲ್ಲ. ತಲೆಯ ಕಡೆಯಿಂದ ಎಳೆದರೆ ಕೂದಲು ಬಂತು, ಸೆರಗು ಬರಲಿಲ್ಲ.

"ಸತ್ಯಕ್ಕಾ! ಪಿನ್ನ ಬಿಡವಲ್ಲುವು! ಯವ್ವಾ, ಪಿನ್ನ ಬಿಡವಲ್ಲುವು!"

ಬಾಗಿಲಲ್ಲಿ ಮುದುಕಿಯೊಬ್ಬಳ ಸೆರಗು ಸರಿಮಾಡುತ್ತಿದ್ದ ಸತ್ಯವ್ವ ಆ ಕೂಗಿಗೆ ಡಬ್ಬಿ ಬಿಟ್ಟು ಓಡಿದಳು. ತಾನೇ ಹಾಕಿದ ಪಿನ್ನುಗಳು, ಎಲ್ಲೆಲ್ಲಿವೆಯೆಂದು ಅವಳ ಬೆರಳಿಗೆ ಗೊತ್ತಿತ್ತು. ಹೆಗಲಿನದು ಬಿಚ್ಚಿತು. ಎದೆಯ ಮೇಲಿನದು ಕೆಂಡದಂತೆ ಕಾದಿತ್ತು, ಬೆರಳಿಗೆ ಹತ್ತಿಕೊಂಡಿತೇ ಹೊರತು ಬಿಚ್ಚಲಿಲ್ಲ. ಕೊನೆಗೆ ಎರಡೂ ಅಂಗೈಯಿಂದ ಬಟ್ಟೆಯನ್ನು ಹರಿದಳು. ಹರಿದದ್ದು ಬಟ್ಟೆಯಷ್ಟೇ ಅಲ್ಲ ಎಂದು ಆಮೇಲೆ ತಿಳಿಯಿತು. ಯಾರೋ ಒದ್ದೆ ಗೋಣಿಚೀಲ ತಂದು ಹೊದಿಸಿದರು.

ಪಕ್ಕದ ಓಣಿಯ ಖಾಸಿಂಸಾಬ ಕಲ್ಲು ಸಾಗಿಸುವ ಲಾರಿ ತಂದು ನಿಲ್ಲಿಸಿದ. ಹಿಂದೆ ಕೌದಿ ಹಾಸಿ ಕರುಣಾಳನ್ನು ಮಲಗಿಸಿದರು. ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಯ ದವಾಖಾನೆ ಮುಟ್ಟುವವರೆಗೆ ಸತ್ಯವ್ವ ಮಗಳ ಮೈಮೇಲಿನ ಚೀಲ ಗಾಳಿಗೆ ಹಾರದಂತೆ ಸುಟ್ಟ ಕೈಯಿಂದಲೇ ಒತ್ತಿ ಹಿಡಿದಿದ್ದಳು. ದಾರಿಯಲ್ಲಿ ಮಂದಿ ಲಾರಿಯೊಳಗೆ ಇಣುಕಿದಾಗಲೆಲ್ಲ, "ನೋಡಬ್ಯಾಡ್ರಿ, ನೋಡಬ್ಯಾಡ್ರಿ" ಎಂದು ಕೂಗಿಕೊಂಡಳು.

ಡಾಕ್ಟರು ಅವಳನ್ನು ಹೊರಗೆ ಕರೆದು, ಮೈ ಅರ್ಧಕ್ಕಿಂತ ಹೆಚ್ಚು ಸುಟ್ಟಿದೆ, ನಾವು ಮಾಡುವುದು ಮಾಡುತ್ತೇವೆ ಎಂದರು. ಹೆಂಗಸರ ವಾರ್ಡಿನ ಮೂಲೆಯಲ್ಲಿ ಪರದೆ ಕಟ್ಟಿ, ಬಾಳೆ ಎಲೆ ಹಾಸಿ ಕರುಣಾಳನ್ನು ಮಲಗಿಸಿದರು. ಮೈಮೇಲೆ ಒಂದು ಎಳೆ ಬಟ್ಟೆ ಇರಲಿಲ್ಲ. ಸತ್ಯವ್ವ ತನ್ನ ಕೈಗೆ ಪಟ್ಟಿ ಕಟ್ಟಿಸಿಕೊಂಡು ಒಳಗೆ ಬಂದವಳೇ ತನ್ನ ಸೆರಗನ್ನು ಮಗಳ ಮೇಲೆ ಎಳೆಯಹೋದಳು. ವಾರ್ಡಿನ ಆಯಾ ಖೈರುನಬಿ ಅವಳ ತೋಳು ಹಿಡಿದಳು.

"ಬ್ಯಾಡ್ರಿ ಅಮ್ಮಾ. ಬಟ್ಟಿ ಹತ್ತಿಕೊಂಡ್ರ ತೆಗಿಯಾಗ ಚರ್ಮ ಕಿತ್ತ ಬರ್ತೈತಿ."

"ಹೆಣ್ಮಗಳದಾಳ್ರಿ. ಹಿಂಗ ಹ್ಯಾಂಗ ಬಿಡ್ಲಿ?"

"ಹಿಂಗ ಬಿಡಬೇಕ್ರಿ. ಇಲ್ಲಿ ನಾನೂ ನೀವೂ ಬಿಟ್ರ ಯಾರದಾರ? ನೊಣ ಕುಂಡ್ರದಂಗ ಗಾಳಿ ಹಾಕ್ತೇನಿ, ನೀವು ಕುಂಡರ್ರಿ."

ಸತ್ಯವ್ವನ ಕೈ ಬೀಸಣಿಗೆ ಹಿಡಿಯುವಂತಿರಲಿಲ್ಲ. ಕೆಲಸ ಮುಗಿದ ಮೇಲೂ ಖೈರುನಬಿಯೇ ಕೂತು ಬೀಸಿದಳು. ಬಾಯಿಗೆ ಹನಿ ಹನಿ ನೀರು ಬಿಟ್ಟಳು.

ಮರುದಿನ ಪೊಲೀಸ್ ಜಮಾದಾರ ಹೇಳಿಕೆ ಬರೆದುಕೊಳ್ಳಲು ಬಂದ. ಲಗ್ನವಾಗದ ಹುಡುಗಿ ಸುಟ್ಟುಕೊಂಡರೆ ಕೇಳಲೇಬೇಕು. ಪರದೆಯ ಹೊರಗೆ ಸ್ಟೂಲು ಹಾಕಿಕೊಂಡು ಕೂತು ಕೇಳಿದ. ಡಾಕ್ಟರು ಪಕ್ಕದಲ್ಲಿ ನಿಂತಿದ್ದರು.

"ನಿನಗ ಯಾರರ ಏನರ ಮಾಡಿದ್ರ ಹೇಳವಾ. ಅಂಜಬ್ಯಾಡ."

"ಯಾರೂ ಇಲ್ರಿ. ಇಸ್ಟೋ ಭುಗ್ಗ ಅಂತು."

"ಸೀರಿ ಯಾಕ ಕಳಿಯಾಕ ಬರಲಿಲ್ಲ?"

"ಪಿನ್ನ ಹಾಕಿತ್ರಿ."

"ಅಷ್ಟ ಪಿನ್ನ ಯಾರ ಹಾಕಿದ್ರು?"

ಒಳಗೆ ಮಗಳ ತಲೆಯ ಬಳಿ ಕೂತಿದ್ದ ಸತ್ಯವ್ವ ಬಾಯಿ ತೆರೆದಳು. ಅವಳಿಗಿಂತ ಮೊದಲೇ ಕರುಣಾ, "ನಾನ ಹಾಕ್ಕೊಂಡಿದ್ನಿರಿ," ಎಂದಳು. "ಜಾರಬಾರದಂತ ನಾನ ಹಾಕ್ಕೊಂಡೆ."

ಜಮಾದಾರ ಬರೆದುಕೊಂಡ. ಸತ್ಯವ್ವ ತೆರೆದ ಬಾಯಿ ಮುಚ್ಚಿದಳು. ಸುಳ್ಳು ಹೇಳಬಾರದೆಂದು ಮಗಳಿಗೆ ಕಲಿಸಿದವಳು ಅವಳೇ. ಈಗ ಆ ಸುಳ್ಳಿನ ಹಿಂದೆ ತಾನು ಅಡಗಿ ಕೂತದ್ದು ಅವಳಿಗೆ ಗೊತ್ತಾಗುತ್ತಿತ್ತು, ಆದರೂ ಎದ್ದು ಹೊರಗೆ ಬರಲಿಲ್ಲ.

ಮೂರನೆಯ ದಿನ ಪಾಸ್ಟರ್ ಸಮುವೇಲಪ್ಪ ಬಂದರು. ಕೆಟ್ಟ ಮನುಷ್ಯರಲ್ಲ ಅವರು, ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದರು. ಆದರೆ ಪರದೆಯ ಹತ್ತಿರ ಬಂದವರು ಅಲ್ಲಿಯೇ ತಿರುಗಿ, ಬೆನ್ನು ಮಾಡಿ ನಿಂತರು.

"ಒಳಗ ಬರ್ರಿ ಅಯ್ಯಾರ. ಅಕಿ ನಿಮ್ಮನ್ನ ಕೇಳಾಕತ್ತಾಳ," ಎಂದಳು ಸತ್ಯವ್ವ.

"ಹ್ಯಾಂಗ ಬರ್ಲಿ ಸತ್ಯವ್ವಾ? ಅಕಿ ಇರೂ ಸ್ಥಿತಿ... ನಾ ಇಲ್ಲಿಂದ ಪ್ರಾರ್ಥನೆ ಮಾಡ್ತೇನಿ."

ಬೆನ್ನು ಮಾಡಿ ನಿಂತೇ ಪ್ರಾರ್ಥಿಸಿದರು. ಹೋಗುವಾಗ ದನಿ ತಗ್ಗಿಸಿ, "ಆ ಸೀರಿ ಉಡಸಬಾರದಿತ್ತು. ಲೋಕದ ಆಸೆ ಎಲ್ಲಿಗಿ ತರ್ತೈತಿ ನೋಡ್ರಿ" ಎಂದರು.

ದನಿ ತಗ್ಗಿಸಿದರೂ ಕರುಣಾ ಕೇಳಿಸಿಕೊಂಡಿದ್ದಳು. ಅವರು ಹೋದ ಮೇಲೆ, "ಅವ್ವಾ," ಎಂದಳು, "ನನಗ ನಾಚಿಕಿ ಆಗ್ತೈತಿ. ಏನರ ಹೊಚ್ಚು."

"ಹೊಚ್ಚಬಾರದಂತ ಮಗಳ."

"ಹಂಗಾರ ನೀ ಆ ಕಡೆ ನೋಡು. ನನ್ನ ನೋಡಬ್ಯಾಡ."

ಸಾಯುತ್ತ ಬಿದ್ದ ಹುಡುಗಿಗೆ ಉರಿಗಿಂತ ನಾಚಿಕೆ ದೊಡ್ಡದಾಗಿತ್ತು. ಆ ನಾಚಿಕೆಯನ್ನು ಹನ್ನೆರಡು ವರ್ಷ ದಿನಾ ಒಂದಿಷ್ಟು ಉಣಿಸಿ ಬೆಳೆಸಿದವಳು ತಾನು. ಖೈರುನಬಿ ಬೀಸಣಿಗೆ ನಿಲ್ಲಿಸಿ ಇಬ್ಬರನ್ನೂ ನೋಡಿದಳು, ಮತ್ತೆ ಬೀಸತೊಡಗಿದಳು.

ಸತ್ಯವ್ವ ಮಗಳ ಮುಖದ ಹತ್ತಿರ ಬಗ್ಗಿದಳು. ಏನು ಹೇಳಬೇಕೆಂದು ತಿಳಿಯದೆಯೇ ಬಾಯಿಗೆ ಬಂದದ್ದನ್ನು ಹೇಳಿದಳು.

"ಶುಕ್ರವಾರ ಸಭಾದಾಗ ಏನ ಕೇಳಿದ್ವಿ, ನೆನಪೈತೇನು? ಸ್ವಾಮೀನ ಶಿಲುಬಿಗಿ ಹಾಕೂ ಮುಂದ ಸಿಪಾಯಿಗೋಳು ಅವನ ಅರಬಿ ಕಸಗೊಂಡ್ರು. ಹಂಚಿಕೊಂಡ್ರು. ಮೈಮ್ಯಾಲೆ ಏನೂ ಬಿಡಲಿಲ್ಲ."

"ಹೂಂ."

"ಅವನ ತಾಯಿ ಅಲ್ಲೇ ನಿಂತಿದ್ಲು. ಊರ ಮಂದಿ ಎಲ್ಲಾ ನಿಂತಿದ್ರು."

ಕರುಣಾ ಉಸಿರು ಎಳೆದುಕೊಂಡು ಕೇಳಿದಳು. "ಅಕಿ ಕಣ್ಣ ಮುಚ್ಚಿಕೊಂಡ್ಲೇನು?"

"ಇಲ್ಲ ಮಗಳ. ನೋಡಿಕೋತ ನಿಂತ್ಲು. ಕಡೀತನಕ."

"ನಾಚಿಕಿ ಬರಲಿಲ್ಲ ಅಕಿಗಿ?"

"ನಾಚಿಕಿ ಅವಂದಲ್ಲ. ಅಕೀದೂ ಅಲ್ಲ. ಕಸಗೊಂಡವ್ರದು."

ಎಷ್ಟು ಸಲ ವಾಕ್ಯ ಓದಿದ್ದರೂ ಸತ್ಯವ್ವ ಹಿಂದೆಂದೂ ಹಾಗೆ ಯೋಚಿಸಿರಲಿಲ್ಲ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಕ್ವಾರಿಯ ಮುಕಾದಮ, ಅವನ ನಗು, ಸುತ್ತ ನಿಂತ ಹತ್ತು ಜನ ಕಣ್ಣಿಗೆ ಕಟ್ಟಿದರು.

ಕರುಣಾ, "ಹಂಗಾರ ನೋಡವಾ. ನೀ ಇಲ್ಲೇ ನೋಡು" ಎಂದಳು.

ಅಲ್ಲಿಂದ ಮುಂದೆ ಸತ್ಯವ್ವ ಮುಖ ತಿರುಗಿಸಲಿಲ್ಲ. ಎತ್ತಿಕೊಂಡು ಸಾಕಿದ ಮೈ, ಈಗ ಹೀಗಾಗಿದ್ದ ಮೈ, ಎಲ್ಲವನ್ನೂ ನೋಡಿದಳು. ವಾಸನೆಗೆ ಪಕ್ಕದ ಹಾಸಿಗೆಯವರು ಮೂಗು ಮುಚ್ಚಿಕೊಂಡು ಹೊರಗೆ ಹೋದಾಗಲೂ ಅವಳು ಕದಲಲಿಲ್ಲ. ಆರನೆಯ ದಿನ ಮಧ್ಯಾಹ್ನ, ಖೈರುನಬಿ ನೀರಿನ ಬಟ್ಟಲು ತುಂಬಿಸಲು ಹೋದಾಗ, ಕರುಣಾ ಸತ್ತಳು.

ಹೆಣವನ್ನು ಇಳಕಲ್ಲಿಗೆ ತಂದಾಗ ಸಭೆಯ ನಾಲ್ಕು ಹೆಂಗಸರು ಬಿಳಿ ಸೀರೆ, ಉದ್ದ ತೋಳಿನ ಜಂಪರ ಹಿಡಿದು ಕಾದಿದ್ದರು. ವಿಶ್ವಾಸಿಗಳ ಮನೆಯ ಹೆಣ್ಣನ್ನು ಹಾಗೆ ಉಡಿಸಿಯೇ ಮಣ್ಣಿಗಿಡುವ ರೂಢಿಯನ್ನು ಹಾಕಿಕೊಟ್ಟವಳು ಸತ್ಯವ್ವನೇ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ದವಾಖಾನ್ಯಾಗ ಸುತ್ತಿಕೊಟ್ಟ ಚಾದರ ಐತಿ. ಅದ ಸಾಕು. ಅಕೀನ್ನ ಮತ್ತ ಮುಟ್ಟಬ್ಯಾಡ್ರಿ."

"ತಲಿ ಮ್ಯಾಲೆರ ಸೆರಗ..." ಎಂದಳು ಒಬ್ಬಳು.

"ಸಾಕ ಅಂದ್ನೆಲ್ಲ!"

ಅವಳು ಹಾಗೆ ಚೀರಿದ್ದನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಹೆಂಗಸರು ಹಿಂದೆ ಸರಿದರು. ಚಾದರದಲ್ಲೇ ಮಣ್ಣಿಗಿಟ್ಟರು.

ಅದಾದ ಎರಡನೆಯ ಭಾನುವಾರ ಸತ್ಯವ್ವ ಸಭೆಗೆ ಬಂದು ಹೆಂಗಸರ ಸಾಲಿನಲ್ಲಿ ಹಿಂದೆ ಕೂತಳು. ಬಾಗಿಲಲ್ಲಿ ಅವತ್ತು ಯಾರೂ ನಿಂತಿರಲಿಲ್ಲ. ಪಾಸ್ಟರು ಮಾತಿನ ನಡುವೆ ಕರುಣಾಳ ಹೆಸರು ತೆಗೆದುಕೊಳ್ಳದೆ, ಲೋಕದ ಬಟ್ಟೆ ಉಡುವ ಎಳೆಯ ಹೆಣ್ಣುಮಕ್ಕಳಿಗೆ ದೇವರು ಎಚ್ಚರಿಕೆ ಕೊಟ್ಟಿದ್ದಾನೆ ಎಂದರು. ನಾಲ್ಕಾರು ತಲೆಗಳು ಹೌದೆನ್ನುವಂತೆ ಅಲ್ಲಾಡಿದವು.

ಸತ್ಯವ್ವ ಎದ್ದು ನಿಂತಳು. ಸಭೆಯಲ್ಲಿ ಹೆಂಗಸು ಎದ್ದು ಮಾತಾಡುವ ರೂಢಿಯಿರಲಿಲ್ಲ.

"ಅಯ್ಯಾರ, ಆ ಮಾತ ತಪ್ಪೈತ್ರಿ."

"ಕುಂಡರ್ರಿ ಸತ್ಯವ್ವಾ. ನಿಮ್ಮ ದುಃಖ ನಮಗ ಗೊತ್ತೈತಿ."

"ಗೊತ್ತಿಲ್ರಿ. ಅಕಿ ಪೊಲೀಸರ ಮುಂದ ಸುಳ್ಳ ಹೇಳಿ ಸತ್ಲು. ಪಿನ್ನ ತಾನ ಹಾಕ್ಕೊಂಡಿದ್ನಿ ಅಂದ್ಲು. ಹಾಕಿದಾಕಿ ನಾನು. ಏಳು ಹಾಕಿದ್ನಿ. ಸೀರಿ ಬಿಚ್ಚಿ ಒಗದಿದ್ರ ಉಳೀತಿದ್ಲು, ರೇಣವ್ವನ್ನ ಕೇಳ್ರಿ. ದೇವರು ಎಚ್ಚರಿಕೆ ಕೊಟ್ಟಿದ್ರ ಅದು ಹುಡಿಗ್ಯಾರಿಗಲ್ಲ, ನನಗ." ಪಟ್ಟಿ ಬಿಚ್ಚಿದ ಕೈಗಳನ್ನು ಮುಂದೆ ಹಿಡಿದಳು. ಬೆರಳುಗಳು ಒಂದಕ್ಕೊಂದು ಅಂಟಿ ಸೊಟ್ಟಗಾಗಿದ್ದವು. "ನೀವು ಪರದಿ ಹೊರಗ ಬೆನ್ನ ಮಾಡಿ ನಿಂತ್ರಿ. ಅಕಿ ನಿಮ್ಮ ಮುಖ ನೋಡಬೇಕಂತ ಭಾಳ ಕಾದ್ಲು."

ರೇಣವ್ವ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತಳು. ಸಮುವೇಲಪ್ಪನವರು ಪುಸ್ತಕ ಮಡಚಿ ಹಾಡು ಶುರುಮಾಡಿದರು. ಹಾಡು ಅರ್ಧಕ್ಕೆ ಮುಟ್ಟುವ ಮುಂಚೆ ಸತ್ಯವ್ವ ಹೊರಗೆ ಹೋಗಿದ್ದಳು.

ಸಭೆ ಬದಲಾಯಿತೆಂದು ಹೇಳುವಂತಿಲ್ಲ. ಕೆಲವು ದಿನ ಹೆಂಗಸರು ತಮ್ಮತಮ್ಮೊಳಗೆ ಪಿಸುಗುಟ್ಟಿದರು. ಮಳೆಗಾಲದ ಹೊತ್ತಿಗೆ ಬಾಗಿಲ ಬಲಕ್ಕೆ ಮತ್ತೊಬ್ಬಳು ನಿಂತಳು. ರೇಣವ್ವ ಗಂಡನೊಡನೆ ಕೆರೂರಿಗೆ ಹೋದವಳು ತಿರುಗಿ ಬರಲಿಲ್ಲ.

ಕಂಡಿಕೆ ಸುತ್ತುವ ಕೈ ಸತ್ಯವ್ವನಿಗೆ ಉಳಿದಿರಲಿಲ್ಲ. ಆ ಬೇಸಿಗೆ ಮುಗಿಯುವಷ್ಟರಲ್ಲೇ ಮನೆಗೆ ಬೀಗ ಹಾಕಿ ಬಾಗಲಕೋಟೆಗೆ ಹೋದಳು. ದವಾಖಾನೆಯಲ್ಲಿ ಅವಳಿಗೆ ನೌಕರಿಯೇನೂ ಇರಲಿಲ್ಲ. ಖೈರುನಬಿಯ ಮನೆಯ ಪಡಸಾಲೆಯಲ್ಲಿ ಇದ್ದುಕೊಂಡು, ಅವಳ ಜೊತೆ ವಾರ್ಡಿಗೆ ಬಂದು, ಯಾರೂ ಕೂರದ ಹಾಸಿಗೆಗಳ ಹತ್ತಿರ ಕೂರುತ್ತಿದ್ದಳು. ಸುಟ್ಟುಕೊಂಡು ಬರುವವರಲ್ಲಿ ಬಹಳಷ್ಟು ಹೊಸ ಸೊಸೆಯಂದಿರು. ತಂದುಹಾಕಿದವರು ಪರದೆಯ ಒಳಗೆ ಬರುತ್ತಿರಲಿಲ್ಲ. ಸತ್ಯವ್ವ ಎರಡು ಮಣಿಕಟ್ಟಿನ ನಡುವೆ ಬೀಸಣಿಗೆ ಸಿಕ್ಕಿಸಿಕೊಂಡು ಗಾಳಿ ಹಾಕುವುದನ್ನು ಕಲಿತಿದ್ದಳು.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಖೈರುನಬಿಗೆ ಕ್ವಾರಿಯ ಕಥೆ ಹೇಳಿದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಪ್ರಾರ್ಥನೆಯಲ್ಲಿ ದೇವರಿಗೂ.

"ಅಷ್ಟ ವರ್ಷ ನಾ ಆ ಸೆರಗಿಗಿ ಬೈದ್ನಿ ಖೈರುನಬಿ. ಅವನಿಗಿ ಒಂದ ಮಾತ ಬೈಲಿಲ್ಲ."

"ಈಗ ಬೈರಿ," ಎಂದಳು ಖೈರುನಬಿ. "ಇಲ್ಲಿ ಯಾರ ಕೇಳ್ತಾರ?"

ಸತ್ಯವ್ವ ಬಾಯಿ ತೆರೆದಳು. ಆದರೆ ಬೈಗುಳ ಬರಲಿಲ್ಲ, ಅಳು ಬಂತು.

1986ರಲ್ಲಿ ಸಮುವೇಲಪ್ಪನವರು ಯಾವುದೋ ಕೆಲಸಕ್ಕೆ ಬಾಗಲಕೋಟೆಗೆ ಬಂದವರು ಅವಳನ್ನು ಹುಡುಕಿಕೊಂಡು ದವಾಖಾನೆಗೆ ಬಂದರು. ಅವರ ಕೂದಲು ಪೂರಾ ಬೆಳ್ಳಗಾಗಿತ್ತು. ಅವಳಿನ್ನೂ ಬಿಳಿ ಸೀರೆ, ಉದ್ದ ತೋಳು ತೊಡುತ್ತಿದ್ದುದನ್ನು ಕಂಡು ಅವರಿಗೆ ಸಮಾಧಾನವಾಗಿರಬೇಕು.

"ನೀವು ವಿಶ್ವಾಸ ಬಿಟ್ರಿ ಅಂತ ಮಂದಿ ಅಂತಿದ್ರು."

"ಬಿಟ್ಟಿಲ್ರಿ. ಈ ಸೀರಿ ನನಗ ಬೇಕಾಗಿ ಉಟ್ಟೇನಿ. ಮಗಳಿಗಿ ಬೇಕಾತೋ ಇಲ್ಲೋ ಅಂತ ನಾ ಒಂದ ದಿನಾನೂ ಕೇಳಲಿಲ್ಲ. ಅದ ನನ್ನ ಪಾಪ."

ಅವರು ತಲೆ ತಗ್ಗಿಸಿದರು. "ಅವತ್ತ ನಾ ಒಳಗ ಬರಬೇಕಿತ್ತು," ಎಂದರು.

"ಹೌದ್ರಿ, ಬರಬೇಕಿತ್ತು."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಒಳಗಿನಿಂದ ಹಿಂದಿನ ದಿನ ಬಂದ ಹುಡುಗಿ ನೀರು ಕೇಳುತ್ತಿದ್ದಳು. ಸತ್ಯವ್ವ ಅವರನ್ನು ಅಲ್ಲಿಯೇ ಬಿಟ್ಟು ಪರದೆ ಸರಿಸಿಕೊಂಡು ಒಳಗೆ ಹೋದಳು.